ಪಡಸಾಲೆಯಲ್ಲಿ ಆಡಬಹುದಾದ ಕಾಯಿಲೆ

ನಮ್ಮೂರಿನಲ್ಲಿ ಹೆಣ್ಣು ನೋಡಲು ಬಂದವರು ಹಾಡು ಹೇಳಿಸುವುದಿಲ್ಲ. ಒಂದು ಕಥೆ ಹೇಳಿ ಹೂಂ ಅನ್ನಿಸುತ್ತಾರೆ. ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬಳು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಯಾವುದೋ ಹಳೆಯ ವ್ಯಾಜ್ಯವನ್ನೋ ದೂರದ ನೆಂಟಸ್ತಿಕೆಯನ್ನೋ ಆದಷ್ಟು ಸಿಕ್ಕು ಮಾಡಿ ಹೇಳುತ್ತಾ ಹೋಗುತ್ತಾಳೆ. ಹುಡುಗಿ ಚಾಪೆಯ ಮೇಲೆ ಕೂತು ಮಾತು ಮಾತಿಗೂ ಹೂಂ ಅನ್ನಬೇಕು. ಅರ್ಥವಾಗಿ ಅಂದ ಹೂಂ ಕೇಳಿಸುತ್ತದೆ. ಯಾರೇ ಆಗಲಿ, ಅರ್ಥವಾಗದೆ ಅಂದ ಹೂಂಗೆ ಸದ್ದು ಬರುವುದಿಲ್ಲ. ತುಟಿ ಕೂಡಿಕೊಳ್ಳುತ್ತದೆ, ಗಲ್ಲ ಅಲುಗುತ್ತದೆ, ಅಷ್ಟೆ.

ನನ್ನನ್ನು ನೋಡಲು ಬಂದಾಗ ನಾನು ಅರ್ಧ ಕಥೆಗೆ ಮೂಕಿಯಾಗಿದ್ದೆ. ಯಾರು ಯಾರ ಸೋದರತ್ತೆ, ಯಾರ ಎಮ್ಮೆ ಯಾರ ಹೊಲಕ್ಕೆ ನುಗ್ಗಿತು ಎಂಬುದು ನಡುವೆಯೇ ತಪ್ಪಿಹೋಗಿತ್ತು. ನನ್ನ ಅವ್ವ ಬಾಗಿಲ ಹಿಂದೆ ಸೆರಗು ಕಚ್ಚಿಕೊಂಡು ನಿಂತಿದ್ದಳು. ಆದರೂ ಅವರು ಒಪ್ಪಿಕೊಂಡರು. "ಇರ್ಲಿ ಬಿಡ್ರಿ, ದೊಡ್ಡ ಸೊಸೆದು ಚೆನ್ನಾಗೈತೆ. ಇಬ್ರೂ ಎಲ್ಲಾದಕ್ಕೂ ಹೂಂ ಅಂತ ಕೂತ್ರೆ ಮನೇಲಿ ತೂಕಡಿಸೋರು ಯಾರು" ಎಂದು ನನ್ನ ಅತ್ತೆ ಎದ್ದಳು.

ಆ ದೊಡ್ಡ ಸೊಸೆ, ನನ್ನ ಓರಗಿತ್ತಿ ಸರ್ವಮಂಗಳ. ನಾನು ಅಕ್ಕ ಅನ್ನುತ್ತಿದ್ದೆ. ಅವಳ ಹೂಂ ತಾಮ್ರದ ಹಂಡೆಗೆ ನೀರು ಬಿದ್ದ ಹಾಗೆ ಇತ್ತು. ಬೀದಿಯ ಹೆಂಗಸರೆಲ್ಲ ಕಷ್ಟ ಹೇಳಿಕೊಳ್ಳಲು ಅವಳ ಹತ್ತಿರವೇ ಬರುತ್ತಿದ್ದರು. ಸೊಪ್ಪು ಬಿಡಿಸುತ್ತಾ, ಅಕ್ಕಿ ಆರಿಸುತ್ತಾ ಅವಳು ಹೂಂ, ಹೂಂ ಎಂದರೆ ಹೇಳುವವರ ಭುಜ ಇಳಿಯುತ್ತಿತ್ತು. ತಾನು ಹೇಳಿದ್ದು ಇನ್ನೊಂದು ಜೀವಕ್ಕೆ ತಲುಪಿತು ಎನ್ನುವುದಕ್ಕಿಂತ ದೊಡ್ಡ ಸಮಾಧಾನ ಹೆಂಗಸರಿಗೆ ಏನಿದೆ? ಹಿಂದಿನ ಮನೆಯ ಮುದುಕಿಯೊಬ್ಬಳು ತನ್ನ ಸತ್ತ ಮಗುವಿನ ಕಥೆಯನ್ನು ಪ್ರತಿ ಶ್ರಾವಣದಲ್ಲೂ ಬಂದು ಅಕ್ಕನಿಗೆ ಹೇಳಿ ಹೋಗುತ್ತಿದ್ದಳು. ಅದೇ ಕಥೆ. ಅಕ್ಕನ ಹೂಂ ಒಂದು ವರ್ಷವೂ ಸೊರಗಲಿಲ್ಲ.

ಸದ್ದಿಲ್ಲದ ಹೂಂ ಬಯಲಾಗದಂತೆ ಊರು ತನಗೆ ಬೇಕಾದ ಹಾಗೆ ದಾರಿ ಮಾಡಿಕೊಂಡಿತ್ತು. ಗಂಡಸರು ಹೂಂ ಅನ್ನುವುದನ್ನೇ ಬಿಟ್ಟು, ಅದರ ಬದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಕೆಮ್ಮಿಗೆ ಅರ್ಥದ ಹಂಗಿಲ್ಲವಲ್ಲ. ಮದುವೆಯಲ್ಲಿ ಪುರೋಹಿತರು ಮಂತ್ರ ಹೇಳಿ ಮದುಮಗನ ಮುಖ ನೋಡುವಾಗ ವಾಲಗದವರು ಜೋರಾಗಿ ಬಾರಿಸಿಬಿಡುತ್ತಿದ್ದರು. ಶಾಲೆಯಲ್ಲಿ ಗುಣಾಕಾರ ಮುಗಿದ ಕೂಡಲೇ ಮಕ್ಕಳೆಲ್ಲ ಒಟ್ಟಿಗೆ ಬೆಂಚು ಎಳೆಯುತ್ತಿದ್ದರು. ದಾರಿ ಇಲ್ಲದ ಜಾಗ ಒಂದೇ, ಆಸ್ಪತ್ರೆ.

ಅಲ್ಲಿ ಬಹಳ ಕಾಲ ಇದ್ದ ದೊಡ್ಡ ಡಾಕ್ಟರು ಕೆಟ್ಟವರಲ್ಲ. ಕೈಗುಣ ಇತ್ತು, ಬಡವರನ್ನು ಗದರುತ್ತಿರಲಿಲ್ಲ. ಆದರೆ ಅವರ ಕನ್ನಡ ಪುಸ್ತಕದ್ದು. ತಲೆ ತಗ್ಗಿಸಿ ಬರೆಯುತ್ತಾ ಹೇಳುತ್ತಿದ್ದರು, ಹೂಂ ಕೇಳಿಸಿದರೆ ಮುಂದಿನ ಮಾತಿಗೆ ಹೋಗುತ್ತಿದ್ದರು. ಕೇಳಿಸದಿದ್ದರೆ ಅದೇ ಮಾತನ್ನು ಇನ್ನೂ ಜೋರಾಗಿ ಹೇಳುತ್ತಿದ್ದರು. ಹೊರಗೆ ಸಾಲಿನಲ್ಲಿ ನಿಂತವರಿಗೆಲ್ಲ ಕೇಳಿಸುವಷ್ಟು ಜೋರಾಗಿ. ಅರ್ಥವಾಗದ ಮಾತು ಜೋರಾದರೆ ಅರ್ಥವಾಗುತ್ತದೆಯೇ? ನಾಚಿಕೆ ಮಾತ್ರ ಆಗುತ್ತದೆ. ಭೇದಿಯ ವಿಷಯ, ಮುಟ್ಟಿನ ವಿಷಯ ಬೀದಿಗೆ ಕೇಳಿಸಿಕೊಂಡು ಹೆಂಗಸರು ಸೆರಗು ತಲೆಯ ಮೇಲೆಳೆದುಕೊಂಡು ಹೊರಗೆ ಬರುತ್ತಿದ್ದರು.

ಅದಕ್ಕೇ ಹೂಂಗಿತ್ತಿಯರು ಬಂದದ್ದು. ಹೆರಿಗೆಗೆ ಸೂಲಗಿತ್ತಿ ಇದ್ದ ಹಾಗೆ ಆಸ್ಪತ್ರೆಗೆ ಹೂಂಗಿತ್ತಿ. ನಮ್ಮ ಬೀದಿಗೆ ಚಿಕ್ಕತಾಯಮ್ಮ. ಹಿಂದೆ ಯಾವಾಗಲೋ ಒಬ್ಬ ನರ್ಸಮ್ಮನ ಮನೆಯಲ್ಲಿ ಕೆಲಸಕ್ಕಿದ್ದಳಂತೆ, ಡಾಕ್ಟರ ಮಾತು ಅವಳಿಗೆ ತಿಳಿಯುತ್ತಿತ್ತು. ರೋಗಿಯ ಪಕ್ಕದಲ್ಲಿ ನೆಟ್ಟಗೆ ಕೂತು, ಡಾಕ್ಟರು ಒಂದೊಂದು ಮಾತು ಮುಗಿಸಿದಾಗಲೂ ಗಂಟೆ ಹೊಡೆದ ಹಾಗೆ ಹೂಂ ಅನ್ನುತ್ತಿದ್ದಳು. ರೋಗಿ ತುಟಿ ಅಲುಗಿಸಿದರೆ ಸಾಕು. ಡಾಕ್ಟರು ಒಮ್ಮೆಯೂ ತಲೆಯೆತ್ತಿ ಯಾರ ಬಾಯಿಂದ ಬಂತು ಎಂದು ನೋಡಲಿಲ್ಲ. ಹೊರಗೆ ಬಂದ ಮೇಲೆ ಆಕೆ ಎರಡು ಮಾತಿನಲ್ಲಿ ವಿಷಯ ಹೇಳಿ, ಮುಂದಿನವಳ ಜೊತೆ ಒಳಗೆ ಹೋಗುತ್ತಿದ್ದಳು. ನಮಗೆಲ್ಲ ಅದು ದೊಡ್ಡ ಅನುಕೂಲವೆಂದೇ ಅನ್ನಿಸಿತ್ತು. ಮರ್ಯಾದೆ ಉಳಿಯುತ್ತಿತ್ತು.

ಅಕ್ಕನಿಗೆ ಐವತ್ತು ದಾಟಿತ್ತು. ಮುಟ್ಟು ನಿಂತು ಎರಡು ಮೂರು ವರ್ಷವಾಗಿತ್ತು. ಮಗಳು ಮದುವೆಯಾಗಿ ಹೋಗಿದ್ದಳು. ಒಂದು ದಿನ ಹಿತ್ತಿಲಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ, ಯಾರೋ ಮೂರನೆಯವಳ ವಿಷಯ ಹೇಳುವ ಹಾಗೆ ಅಂದಳು.

"ನಿಂತಿದ್ದು ಮತ್ತೆ ಬಂದಿದೆ ಕಣೇ ದಾಕ್ಷಿ."

"ಹಾಗಾದ್ರೆ ಅಟ್ಟದ ಮೇಲಿಂದ ತೊಟ್ಟಿಲು ಇಳಿಸ್ಲಾ?" ಎಂದೆ ನಾನು.

"ಇಳಿಸು, ನಿನ್ನೇ ಹಾಕಿ ತೂಗ್ತೀನಿ. ಮಾತು ನೋಡು ಇವಳ್ದು." ಅವರೆಕಾಯಿ ಸಿಪ್ಪೆ ನನ್ನ ಮೇಲೆ ಎಸೆದು ನಕ್ಕಳು.

ಅದು ನಿಲ್ಲಲಿಲ್ಲ. ಆಮೇಲೆ ನಾನೇ ಹೇಳಿದೆ, ತೋರಿಸಿಕೊಂಡು ಬಾ ಎಂದು. ಭಾವ ಕರೆದುಕೊಂಡು ಹೋದರು. ಅವರ ಹೆಸರು ಮರುಳಸಿದ್ದಪ್ಪ, ಪೇಟೆಯಲ್ಲಿ ಹಗ್ಗದ ಅಂಗಡಿ. ಮನೆಯಲ್ಲಿ ಇದ್ದಾರೋ ಇಲ್ಲವೋ ಗೊತ್ತಾಗದಷ್ಟು ಕಡಿಮೆ ಮಾತಿನವರು. ಹೆಂಡತಿಗೆ ಏನಾಗಿದೆ ಎಂದು ಅವರು ಕೇಳಲಿಲ್ಲ, ಅಕ್ಕ ಹೇಳಲಿಲ್ಲ. ಹೆಂಗಸರದ್ದೇನೋ ಎಂದಷ್ಟೇ ಗೊತ್ತಿತ್ತು. ಚಿಕ್ಕತಾಯಮ್ಮನೂ ಹೋದಳು. ಡಾಕ್ಟರು ಪರೀಕ್ಷೆ ಮಾಡಿ, ಒಳಗಿನಿಂದ ಒಂದು ಚೂರು ತೆಗೆದು ದೂರದ ಲ್ಯಾಬಿಗೆ ಕಳಿಸಿ, ಕೆಲವು ದಿನ ಬಿಟ್ಟು ಬರಹೇಳಿದರು. ಕೊಟ್ಟ ಗುಳಿಗೆಗೆ ರಕ್ತ ಹೋಗುವುದು ಕಡಿಮೆಯೂ ಆಯಿತು.

ಎರಡನೆಯ ಸಲ ಹೋದಾಗ ಏನಾಯಿತು ಎನ್ನುವುದು ನನಗೆ ತಿಳಿದದ್ದು ತಡವಾಗಿ. ಆದರೆ ಇಲ್ಲಿ ಈಗಲೇ ಹೇಳಿಬಿಡುತ್ತೇನೆ. ಇಟ್ಟುಕೊಂಡು ಏನು ಮಾಡಲಿ.

ಡಾಕ್ಟರು ತಲೆ ತಗ್ಗಿಸಿ, "ಗರ್ಭಕಂಠದ ಕೋಶಗಳಲ್ಲಿ ಅಸಹಜ ಬದಲಾವಣೆ ಕಂಡುಬಂದಿದೆ. ಪ್ರಾಥಮಿಕ ಹಂತ. ಮುಂದಿನ ಚಿಕಿತ್ಸೆಗೆ ತಪ್ಪದೆ ಬರಬೇಕು, ನಿರ್ಲಕ್ಷಿಸಬಾರದು" ಎಂದರು. ಅಕ್ಕನ ತುಟಿ ಅಲುಗಿತು. ಚಿಕ್ಕತಾಯಮ್ಮನ ಹೂಂ ಕೇಳಿಸಿತು. ಡಾಕ್ಟರು ಮುಂದಿನವರನ್ನು ಕರೆದರು. ಇಬ್ಬರೂ ಹೊರಗೆ ಬಂದರು. ಅಲ್ಲಿ ಭಾವ ಕಂಬಕ್ಕೆ ಒರಗಿ ನಿಂತಿದ್ದರು. "ಏನಂದ್ರು?" ಎಂದು ಅವರೇ ಕೇಳಿದರು. ಅವರು ಬಾಯಿಬಿಟ್ಟು ಕೇಳಿದ್ದೇ ಅಪರೂಪ. ಚಿಕ್ಕತಾಯಮ್ಮ ಕ್ಷಣ ತಡೆದಳು. ಪರಗಂಡಸಿನ ಮುಂದೆ, ಅದೂ ಅವನ ಹೆಂಡತಿಯ ವಿಷಯವಾಗಿ, ಗರ್ಭ ಎನ್ನುವ ಮಾತನ್ನು ನಮ್ಮೂರ ಹೆಂಗಸರು ಆಡುವುದಿಲ್ಲ. ಅವಳು ಆ ಪದದ ಮೊದಲ ಅರ್ಧವನ್ನು ನುಂಗಿಕೊಂಡಳು.

"ಕಂಠದಲ್ಲಿ ಏನೋ ಸ್ವಲ್ಪ ಬದಲಾವಣೆ ಇದೆಯಂತೆ. ಈಗಿನ್ನೂ ಶುರು. ನಿರ್ಲಕ್ಷ್ಯ ಮಾಡ್ಬಾರ್ದಂತೆ. ಮತ್ತೆ ಬಂದು ತೋರಿಸ್ಬೇಕಂತೆ."

ಉಳಿದದ್ದೆಲ್ಲ ಅವಳು ಸರಿಯಾಗಿಯೇ ಹೇಳಿದ್ದಳು.

ಮನೆಗೆ ಬಂದ ಅಕ್ಕ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಕುತ್ತಿಗೆ ಮುಟ್ಟಿಕೊಂಡಳು. "ಗಂಟಲಲ್ಲಿ ಏನೋ ಇದೆಯಂತೆ ಕಣೇ. ಅದಕ್ಕೇ ಇರ್ಬೇಕು, ಅಲ್ಲಿ ಹೋದ್ರೆ ನನ್ನ ಹೂಂ ಹೊರಡೋದೇ ಇಲ್ಲ."

"ಮತ್ತೆ ಆ ಇನ್ನೊಂದು?"

"ಅದು ನಿಲ್ತಾ ಬಂತಲ್ಲ. ಅದರ ಮಾತೇ ಎತ್ತಲಿಲ್ಲ ಅವರು. ಹುಡುಕೋಕೆ ಹೋಗಿದ್ದೊಂದು, ಸಿಕ್ಕಿದ್ದೊಂದು."

ನನಗೂ ಅದು ಸರಿಯೆಂದೇ ಕಂಡಿತು. ದೇಹದ ಒಳಗೆ ಎಲ್ಲವೂ ಎಲ್ಲಕ್ಕೂ ತಗುಲಿಕೊಂಡೇ ಇರುತ್ತದೆ ಎಂದು ನಾವು ತಿಳಿದವರು. ಹೊಟ್ಟೆ ಕೆಟ್ಟರೆ ತಲೆ ನೋಯುತ್ತದೆ, ಉಷ್ಣವಾದರೆ ಕಣ್ಣು ಉರಿಯುತ್ತದೆ. ಹಾಗಿರುವಾಗ ಕೆಳಗಿನದನ್ನು ನೋಡಿದ ಡಾಕ್ಟರು ಮೇಲಿನದನ್ನು ಕಂಡುಹಿಡಿದದ್ದರಲ್ಲಿ ನನಗೆ ಏನೂ ವಿಚಿತ್ರ ಕಾಣಲಿಲ್ಲ.

ಅವತ್ತಿನಿಂದ ನಮ್ಮ ಮನೆಯಲ್ಲಿ ಗಂಟಲಿನ ಆರೈಕೆ ಶುರುವಾಯಿತು. ಭಾವ ಸಂಜೆ ಅಂಗಡಿಯಿಂದ ಬರುವಾಗ ಜ್ಯೇಷ್ಠಮಧು ತರತೊಡಗಿದರು. ಬೆಳಿಗ್ಗೆ ಅವರೇ ಎದ್ದು ಉಪ್ಪುನೀರು ಕಾಯಿಸುತ್ತಿದ್ದರು. ಒಲೆಯ ಮುಂದೆ ಕೂರಲು ಬಾರದ ಗಂಡಸು, ಪಂಚೆ ಮೇಲೆತ್ತಿಕೊಂಡು ಊದುಗೊಳವೆ ಹಿಡಿದು ಕೂತಿರುವುದನ್ನು ನೋಡಿ ನಾನು ಮುಖ ತಿರುಗಿಸಿಕೊಂಡು ನಗುತ್ತಿದ್ದೆ. ಅಕ್ಕ ಬಚ್ಚಲಲ್ಲಿ ಬಾಯಿ ಮುಕ್ಕಳಿಸುವ ಸದ್ದು ಮುಗಿಯುವವರೆಗೆ ಅವರು ಹೊರಗೆ ಟವೆಲು ಹಿಡಿದು ನಿಂತಿರುತ್ತಿದ್ದರು. ಮೊಸರು ಬೇಡ, ತಣ್ಣೀರು ಬೇಡ, ಬೀದಿಯವರ ಜೊತೆ ಜಾಸ್ತಿ ಮಾತು ಬೇಡ. ಮೆಣಸಿನ ಕಷಾಯ ನಾನು ಮಾಡುತ್ತಿದ್ದೆ. ಅವರು ಲೋಟ ಮುಟ್ಟಿ ಬಿಸಿ ನೋಡಿ ಅವಳಿಗೆ ಕೊಡುತ್ತಿದ್ದರು. ತಮ್ಮ ಉಣ್ಣೆಯ ಶಾಲನ್ನು ಹರಿದು ಅವಳ ಕುತ್ತಿಗೆಗೆ ಸುತ್ತಿದರು.

ಬೀದಿಯವರೂ ಬಂದು ವಿಚಾರಿಸುತ್ತಿದ್ದರು. ಗಂಡಸರು ಕೂಡ ಪಡಸಾಲೆಯಲ್ಲಿ ಕೂತು, ಜೇನುತುಪ್ಪ ನೆಕ್ಕಬೇಕು, ವೀಳ್ಯದೆಲೆ ರಸ ಹಾಕಬೇಕು ಎಂದು ಸಲಹೆ ಕೊಡುತ್ತಿದ್ದರು. ಅಕ್ಕ ಕಂಬಕ್ಕೆ ಒರಗಿ ಕೂತು ಅದನ್ನೆಲ್ಲ ಕೇಳುತ್ತಿದ್ದಳು. ಅವಳ ಮುಖದಲ್ಲಿ ಒಂದು ಬೆಳಕಿತ್ತು. ಮೂವತ್ತು ವರ್ಷದ ಸಂಸಾರದಲ್ಲಿ ಅವಳ ಬೇನೆಗಳೆಲ್ಲ ಹಿತ್ತಿಲ ಬೇನೆಗಳು. ಬಸುರಿನ ಸಂಕಟ, ಕಳೆದುಹೋದ ಎರಡು ಗರ್ಭ, ಮುಟ್ಟಿನ ನೋವು, ಎಲ್ಲವನ್ನೂ ಒಗೆಯುವ ಕಲ್ಲಿನ ಹತ್ತಿರ, ಕೊಟ್ಟಿಗೆಯ ಮರೆಯಲ್ಲಿ, ನನ್ನಂಥ ಇನ್ನೊಬ್ಬಳಿಗೆ ಪಿಸುಮಾತಿನಲ್ಲಿ ಹೇಳಿಕೊಂಡದ್ದು. ಗಂಟಲ ಕಾಯಿಲೆ ಪಡಸಾಲೆಯಲ್ಲಿ ಆಡಬಹುದಾದ ಕಾಯಿಲೆ. ಗಂಡ ಅದರ ಬಗ್ಗೆ ಕೇಳಬಹುದು. ಕೇಳಿ, ಕೈಯಲ್ಲಿ ಲೋಟ ಹಿಡಿದು ನಿಲ್ಲಬಹುದು.

ನನಗೆ ಆಗ ಅವಳ ಮೇಲೆ ಸ್ವಲ್ಪ ಹೊಟ್ಟೆಕಿಚ್ಚು ಕೂಡ ಬಂದಿತ್ತು. ನನ್ನ ಗಂಡನಿಗೆ ನನ್ನ ಗಂಟಲು ಇದೆಯೋ ಇಲ್ಲವೋ ತಿಳಿಯದು.

ಭಾವ ಅವಳನ್ನು ಪಂಡಿತರ ಹತ್ತಿರವೂ ಕರೆದುಕೊಂಡು ಹೋದರು. ಪಂಡಿತರು ಟಾರ್ಚು ಬಿಟ್ಟು ನೋಡಿ, "ಕನ್ನಡಿ ಇದ್ದಂಗಿದೆ ತಾಯಿ ಗಂಟಲು. ಏನಿತ್ತೋ ಎಲ್ಲಾ ಹೋಗಿದೆ" ಎಂದರಂತೆ. ಮನೆಗೆ ಬಂದು ಪಾಯಸ ಮಾಡಿದೆವು. ಮತ್ತೆ ಬಂದು ತೋರಿಸಬೇಕು ಎಂದು ದೊಡ್ಡ ಡಾಕ್ಟರು ಹೇಳಿದ್ದರು ನಿಜ. ವಾಸಿಯಾದದ್ದನ್ನು ಏನೆಂದು ತೋರಿಸುವುದು?

ಇಷ್ಟರ ಮಧ್ಯೆ ಕೆಳಗಿನದು ಮತ್ತೆ ಶುರುವಾಗಿತ್ತು. ಅಕ್ಕ ನನಗೂ ಹೇಳಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ತನ್ನ ಬಟ್ಟೆ ತಾನೇ ಒಗೆದುಹಾಕುತ್ತಿದ್ದಳು. ಯಾಕೆ ಹೇಳಲಿಲ್ಲ ಎಂದು ನಾನು ಬಹಳ ಯೋಚಿಸಿದ್ದೇನೆ. ಹೇಳಿದ್ದರೆ ಮತ್ತೆ ಅದು ಹಿತ್ತಿಲಿಗೆ ಬರುತ್ತಿತ್ತು. ಭಾವ ಮತ್ತೆ ಬಾಗಿಲಾಚೆ ನಿಲ್ಲುತ್ತಿದ್ದರು. ಒಳ್ಳೆಯ ಕಾಯಿಲೆಯೊಂದು ಸಿಕ್ಕಿದ್ದಾಗ ಅದನ್ನು ಬಿಟ್ಟುಕೊಟ್ಟು ಕೆಟ್ಟದ್ದನ್ನು ತೆಗೆದುಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ ಎಂದು ನನಗನ್ನಿಸುತ್ತದೆ. ಆದರೆ ಅನ್ನಿಸುತ್ತದೆ ಅಷ್ಟೆ. ಅವಳನ್ನೇ ಕೇಳಬಹುದಾಗಿದ್ದ ದಿನಗಳಲ್ಲಿ ಕೇಳಲು ನನಗೆ ಧೈರ್ಯ ಬರಲಿಲ್ಲ.

ಮುಂದಿನ ಬೇಸಿಗೆ ಬರುವ ಹೊತ್ತಿಗೆ ಅವಳ ಸೊಂಟ ಬಗ್ಗಿತ್ತು. ಮುಖ ಅರಿಸಿನ ಹಚ್ಚಿ ತೊಳೆದ ಹಾಗೆ ಬಿಳಿಚಿತ್ತು. ಒಂದು ಬೆಳಿಗ್ಗೆ ರುಬ್ಬುವ ಕಲ್ಲಿನ ಹತ್ತಿರ ಕೂತವಳು ಏಳಲಾರದೆ ಪಕ್ಕಕ್ಕೆ ವಾಲಿದಳು. ಎತ್ತಲು ಹೋದ ನನ್ನ ಕೈ ಒದ್ದೆಯಾಯಿತು. ನೋಡಿದೆ. "ಎಷ್ಟು ದಿನದಿಂದ ಅಕ್ಕ?" ಎಂದೆ. ಅವಳು, "ನಿಮ್ಮ ಭಾವನಿಗೆ ಹೇಳ್ಬೇಡ" ಎಂದಳು.

ಭಾವ ಅಂಗಡಿಯಲ್ಲಿದ್ದರು. ಆಟೋ ತರಿಸಿ ನಾನೇ ಕರೆದುಕೊಂಡು ಹೊರಟೆ. ತಿರುವಿನಲ್ಲಿ ಚಿಕ್ಕತಾಯಮ್ಮನೂ ಹತ್ತಿಕೊಂಡಳು. ದೊಡ್ಡ ಡಾಕ್ಟರು ಆ ಹೊತ್ತಿಗೆ ನಿವೃತ್ತರಾಗಿ ಹೋಗಿದ್ದರು. ಅವರ ಜಾಗಕ್ಕೆ ಬಹಳ ದೂರದ ಸೀಮೆಯಿಂದ ಅನಿಮಾ ಎನ್ನುವ ಡಾಕ್ಟರಮ್ಮ ಬಂದಿದ್ದರು. ಕನ್ನಡವನ್ನು ವಾರ್ಡು ಗುಡಿಸುವವರಿಂದ, ತರಕಾರಿ ಮಾರುವವರಿಂದ ಕಲಿತಿದ್ದರು. ಬಹುವಚನ ಅವರಿಗೆ ಇನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ. ಪಟೇಲರ ಮನೆಯ ಹಿರಿಯರಿಗೂ, "ಏ ತಾತ, ಅಂಗಿ ಬಿಚ್ಚು" ಅಂದಿದ್ದರಂತೆ. ಊರು ಮೊದಮೊದಲು ಮುನಿಸಿಕೊಂಡು, ಆಮೇಲೆ ಅದನ್ನು ನಗೆಯ ಮಾತಾಗಿ ಮಾಡಿಕೊಂಡಿತ್ತು.

ಅವರು ಪರದೆಯ ಹಿಂದೆ ಅಕ್ಕನನ್ನು ಬಹಳ ಹೊತ್ತು ಪರೀಕ್ಷೆ ಮಾಡಿದರು. ಹೊರಗೆ ಬಂದು ಕೈ ತೊಳೆದುಕೊಂಡು, ಮೇಜಿನ ಹಿಂದೆ ಹೋಗದೆ ಸ್ಟೂಲು ಎಳೆದುಕೊಂಡು ಅವಳ ಎದುರು ಕೂತರು. ಅವಳ ಮುಖವನ್ನೇ ನೋಡುತ್ತಾ ಕೇಳಿದರು.

"ಮೊದಲು ಇಲ್ಲಿ ತೋರಿಸಿದೀಯಾ?"

ಚಿಕ್ಕತಾಯಮ್ಮ, "ಹೂಂ" ಎಂದಳು, ಗಂಟೆಯ ಹಾಗೆ.

ಡಾಕ್ಟರಮ್ಮ ಅವಳ ಕಡೆ ತಿರುಗಿದರು. "ನೀನು ಯಾರು?"

"ನಾನು ಇವರ ಹೂಂಗಿತ್ತಿ."

"ಅಂದ್ರೆ?"

"ಇವರ ಬದಲಿಗೆ ಹೂಂ ಅನ್ನೋಳು."

"ಹೊಟ್ಟೆ ಇವಳದು. ನಿನ್ನ ಹೂಂ ತಗೊಂಡು ನಾನು ಏನು ಮಾಡ್ಲಿ? ಸುಮ್ನೆ ಕೂತ್ಕೊ."

ಚಿಕ್ಕತಾಯಮ್ಮನನ್ನು ಆಸ್ಪತ್ರೆಯಲ್ಲಿ ಯಾರೂ ಹಾಗೆ ಅಂದಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು ಗೋಡೆಯ ಕಡೆ ನೋಡುತ್ತಾ ಕೂತಳು.

"ನೀನು ಹೇಳು," ಎಂದರು ಡಾಕ್ಟರಮ್ಮ ಅಕ್ಕನಿಗೆ. "ಆಗ ಅವರು ಏನು ಹೇಳಿದ್ರು?"

"ಕಂಠದ ತೊಂದ್ರೆ ಅಂದಿದ್ರು. ಅದು ವಾಸಿಯಾಯ್ತು. ಇವರು ಬಹಳ ನೋಡ್ಕೊಂಡ್ರು," ಎಂದಳು ಅಕ್ಕ. ಇವರು ಎಂದರೆ ಭಾವ.

"ಕಂಠ ಅಂದ್ರೆ ಯಾವುದು?" ಡಾಕ್ಟರಮ್ಮನಿಗೆ ಆ ಪದ ಗೊತ್ತಿರಲಿಲ್ಲ.

ಅಕ್ಕ ಕುತ್ತಿಗೆಯ ಬಟ್ಟೆ ಸರಿಸಿ ಗಂಟಲು ಮುಟ್ಟಿ ತೋರಿಸಿದಳು. ಡಾಕ್ಟರಮ್ಮ ಅವಳ ಗಂಟಲನ್ನೂ, ನನ್ನನ್ನೂ ಅರ್ಥವಾಗದೆ ನೋಡಿದರು. ಆಗ ಗೋಡೆಯ ಕಡೆಯಿಂದ ಚಿಕ್ಕತಾಯಮ್ಮನ ದನಿ ಬಂತು. ಅಷ್ಟು ಸಣ್ಣ ದನಿ ಅವಳಿಗೆ ಇದೆಯೆಂದೇ ನನಗೆ ಗೊತ್ತಿರಲಿಲ್ಲ.

"ಬರೀ ಕಂಠ ಅಲ್ಲ. ಗರ್ಭಕಂಠ ಅಂದಿದ್ರು. ಕೆಳಗಿಂದು."

ಅಕ್ಕನ ಕೈ ಗಂಟಲ ಮೇಲೇ ಇತ್ತು. ಅವಳು ಚಿಕ್ಕತಾಯಮ್ಮನನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಡಾಕ್ಟರಮ್ಮ ಅವಳ ಆ ಕೈಯನ್ನು ತೆಗೆದು ತಮ್ಮ ಕೈಯಲ್ಲಿ ಇಟ್ಟುಕೊಂಡರು.

"ಕೇಳು. ನನಗೆ ದೊಡ್ಡ ಮಾತು ಬರಲ್ಲ. ಮಗು ಇರೋದು ಒಂದು ಮನೆ. ಆ ಮನೆಗೆ ಒಂದು ಬಾಗಿಲು. ಮಗು ಹೊರಗೆ ಬರೋ ಬಾಗಿಲು. ಗೊತ್ತಾಯ್ತಾ?"

"ಹೂಂ," ಎಂದಳು ಅಕ್ಕ.

ಸದ್ದು ಬಂತು. ಅವಳೇ ಬೆಚ್ಚಿದಳು.

"ಆ ಬಾಗಿಲಲ್ಲಿ ಹುಣ್ಣು ಆಗಿದೆ. ಸುಮ್ನೆ ಹುಣ್ಣಲ್ಲ, ಬೆಳೆಯೋ ಹುಣ್ಣು. ಕ್ಯಾನ್ಸರ್. ಮೊದಲು ಚಿಕ್ಕದು ಇತ್ತು. ಈಗ ಬಾಗಿಲು ದಾಟಿ ಗೋಡೆಗೆ ಹೋಗಿದೆ. ಪಕ್ಕದ ಮನೆಗೂ ಹೋಗಿದೆ."

"ಹೂಂ."

"ದೊಡ್ಡ ಆಸ್ಪತ್ರೆಗೆ ಕಳಿಸ್ತೀನಿ. ಅವರು ಕರೆಂಟು ಕೊಡ್ತಾರೆ, ರೇಡಿಯೇಷನ್. ರಕ್ತ ನಿಲ್ಲುತ್ತೆ, ನೋವು ಕಡಿಮೆ ಆಗುತ್ತೆ. ಸ್ವಲ್ಪ ಕಾಲ ಚೆನ್ನಾಗಿ ಇರ್ತೀಯ. ಪೂರ್ತಿ ವಾಸಿ ಆಗಲ್ಲ. ಇದು ನಿನಗೆ ಸುಳ್ಳು ಹೇಳಲ್ಲ ನಾನು."

ಅಕ್ಕ ಕಿಟಕಿಯ ಕಡೆ ನೋಡಿದಳು. ಹೊರಗೆ ಯಾರೋ ಬಕೀಟು ಎಳೆಯುತ್ತಿದ್ದರು. ನಾನು ದೇವರಿಗೆ ಬೇಡಿಕೊಂಡೆ, ಇದು ಅವಳಿಗೆ ಅರ್ಥವಾಗದೆ ಇರಲಿ, ತುಟಿ ಮಾತ್ರ ಅಲುಗಲಿ ಎಂದು.

"ಹೂಂ," ಎಂದಳು ಅಕ್ಕ. ತಾಮ್ರದ ಹಂಡೆಗೆ ಬಿದ್ದ ಅದೇ ನೀರು.

"ಈಗ ನಾನು ಹೇಳಿದ್ದು ನೀನು ನನಗೆ ಹೇಳು," ಎಂದರು ಡಾಕ್ಟರಮ್ಮ.

ಅಕ್ಕ ಪಾಠ ಒಪ್ಪಿಸುವವಳ ಹಾಗೆ ಹೇಳಿದಳು. ಮನೆ, ಬಾಗಿಲು, ಹುಣ್ಣು, ಗೋಡೆ. ಒಂದೂ ತಪ್ಪಲಿಲ್ಲ. ಕೊನೆಗೆ ತಾನೇ ಒಂದು ಕೇಳಿದಳು. ಆಸ್ಪತ್ರೆಯಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ ಅದೇ ಇರಬೇಕು.

"ಅವತ್ತೇ ನನಗೆ ಹಿಂಗೆ ಗೊತ್ತಾಗಿದ್ರೆ?"

ಡಾಕ್ಟರಮ್ಮ ತಡವರಿಸಿದರು. "ಅವತ್ತಾದ್ರೆ ಬಾಗಿಲು ಮಾತ್ರ ತೆಗೀತಿದ್ವಿ," ಎಂದರು. "ಮನೆ ಉಳೀತಿತ್ತು."

ಹೊರಗೆ ಬಂದಾಗ ಅಕ್ಕನನ್ನು ಬೆಂಚಿನ ಮೇಲೆ ಕೂರಿಸಿ ನಾನು ಆಟೋ ನೋಡಲು ಹೊರಟೆ. ಚಿಕ್ಕತಾಯಮ್ಮ ಹಿಂದೆಯೇ ಬಂದು ನನ್ನ ತೋಳು ಹಿಡಿದಳು.

"ನಿಮ್ಮ ಭಾವ ಎದುರಿಗೇ ನಿಂತಿದ್ರು ದಾಕ್ಷಿ. ಗಂಡಸಿನ ಮುಖ ನೋಡ್ಕೊಂಡು ಆ ಮಾತು ಹೆಂಗಮ್ಮ ಹೇಳ್ಲಿ?"

"ಆಮೇಲೆ ಅವಳೊಬ್ಬಳಿಗೇ ಹೇಳ್ಬಹುದಿತ್ತಲ್ಲ."

"ಹೇಳಣ ಅಂತ್ಲೇ ಇದ್ದೆ. ಒಳಗೆ ನನ್ನ ಪಕ್ಕದಲ್ಲೇ ಕೂತಿದ್ಲಲ್ಲ, ಕೇಳಿಸ್ಕೊಂಡಿರ್ತಾಳೆ ಅಂದ್ಕೊಂಡೆ. ನನಗೆ ಅರ್ಥ ಆಗಿದ್ದು ಅವಳಿಗೆ ಆಗಿಲ್ಲ ಅಂತ ಹೊಳೀಲೇ ಇಲ್ಲ. ಅಷ್ಟು ಒಳ್ಳೆ ಹೂಂ ಇರೋಳು." ಅವಳು ನನ್ನ ತೋಳು ಬಿಡಲಿಲ್ಲ. "ನಾನು ಸುಳ್ಳು ಹೇಳ್ಲಿಲ್ಲ ಕಣಮ್ಮ."

ಅವಳು ಸುಳ್ಳು ಹೇಳಿರಲಿಲ್ಲ. ದೊಡ್ಡ ಡಾಕ್ಟರೂ ಹೇಳಿರಲಿಲ್ಲ. ಭಾವ ಮಾಡಿದ ಆರೈಕೆಯಲ್ಲಿ ಒಂದು ದಿನದ ಲೋಪವೂ ಇರಲಿಲ್ಲ. ಬೈಯಲು ಯಾರಾದರೂ ಸಿಗುತ್ತಾರೇನೋ ಎಂದು ಆ ದಿನ ಎಲ್ಲರ ಮುಖವನ್ನೂ ಹುಡುಕಿದ ನೆನಪಿದೆ ನನಗೆ. ಇಷ್ಟು ಜನ ಒಳ್ಳೆಯವರು ಸೇರಿ ಒಂದು ಜೀವವನ್ನು ಹೀಗೆ ಕೈಬಿಡಬಹುದು ಎನ್ನುವುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಆಟೋದಲ್ಲಿ ಅಕ್ಕ ನನ್ನನ್ನು ಒಂದೊಂದೇ ಕೇಳುತ್ತಾ ಬಂದಳು. "ಮೊದಲನೇದು ಕಳೆದುಹೋದಾಗ, ಮಗು ತಿರುಗಿತ್ತು ಅಂದ್ರಲ್ಲ, ಎತ್ತ ತಿರುಗೋದು ಅದು?" "ನನಗೆ ರಕ್ತ ಕಡಿಮೆ ಅಂತಿದ್ರು ಯಾವಾಗ್ಲೂ. ಕಡಿಮೆ ಅಂದ್ರೆ ಎಲ್ಲಿಗೆ ಹೋಗುತ್ತೆ?" "ಮಗಳು ಹುಟ್ಟಿದಾಗ ಹೊಲಿಗೆ ಹಾಕಿದ್ರು. ಆ ದಾರ ಇನ್ನೂ ಒಳಗೇ ಇದೆಯಾ?" ಮೂವತ್ತು ವರ್ಷದ ಪ್ರಶ್ನೆಗಳು. ಅವುಗಳಿಗೆಲ್ಲ ಅವಳು ತುಟಿ ಅಲುಗಿಸಿ ಸುಮ್ಮನಾಗಿದ್ದಳು. ನನಗೆ ತಿಳಿದದ್ದಕ್ಕೆ ಹೇಳಿದೆ. ಹೆಚ್ಚಿನವಕ್ಕೆ ಗೊತ್ತಿಲ್ಲ ಕಣಕ್ಕ ಎಂದೆ. ಬೀದಿಯ ಕಷ್ಟವನ್ನೆಲ್ಲ ಕೇಳಿಸಿಕೊಂಡವಳಿಗೆ ತನ್ನ ಮೈಯ ಒಂದು ಮಾತೂ ಯಾರೂ ತಿಳಿಸಿ ಹೇಳಿರಲಿಲ್ಲ.

ಮನೆ ಹತ್ತಿರ ಬಂದಾಗ, "ನಿಮ್ಮ ಭಾವನಿಗೆ ನಾನೇ ಹೇಳ್ತೀನಿ" ಎಂದಳು.

"ನಾನು ಹೇಳ್ತೀನಿ ಬಿಡಕ್ಕ. ಇಲ್ಲ, ನಿಮ್ಮ ಮೈದುನನ ಕೈಲಿ ಹೇಳಿಸೋಣ."

"ಬೇಡ. ಇನ್ನೊಬ್ಬರ ಬಾಯಿಗೆ ಹೋದ್ರೆ ಅರ್ಧ ಆಗುತ್ತೆ."

ಭಾವ ನಾವು ಆಸ್ಪತ್ರೆಗೆ ಹೋದ ಸುದ್ದಿ ತಿಳಿದು ಅಂಗಡಿ ಮುಚ್ಚಿ ಬಂದಿದ್ದರು. ಪಡಸಾಲೆಯಲ್ಲಿ ನಿಂತೇ ಇದ್ದರು. ಅಕ್ಕ ಅವರನ್ನು ಕೂತುಕೊಳ್ಳಿ ಎಂದಳು. ತಾನೂ ಎದುರಿಗೆ ಕೂತಳು, ಯಾವಾಗಲೂ ಕೂರುವ ಕಂಬದ ಹತ್ತಿರವಲ್ಲ, ಡಾಕ್ಟರಮ್ಮ ಕೂತಿದ್ದ ಹಾಗೆ, ಮೊಳಕಾಲಿಗೆ ಮೊಳಕಾಲು ತಾಗುವಷ್ಟು ಹತ್ತಿರ. ನಾನು ಅಡಿಗೆಮನೆಯ ಬಾಗಿಲಿಗೆ ಸರಿದೆ.

"ಕಂಠ ಅಲ್ವಂತೆ," ಎಂದಳು ಅಕ್ಕ. "ಗರ್ಭಕಂಠ." ಆ ಮಾತನ್ನು ಅವಳು ಗಂಡನ ಮುಂದೆ ಆಡಿದ್ದು ಜೀವಮಾನದಲ್ಲಿ ಅದೇ ಮೊದಲು. ದನಿ ತಗ್ಗಿಸಲಿಲ್ಲ. "ಮಗು ಇರೋ ಮನೆ ಇದೆಯಲ್ಲ, ಅದರ ಬಾಗಿಲು. ಅಲ್ಲಿ ಕ್ಯಾನ್ಸರ್ ಆಗಿದೆ. ದೊಡ್ಡಾಸ್ಪತ್ರೇಲಿ ಕರೆಂಟು ಕೊಟ್ಟರೆ ನೋವು ಕಡಿಮೆ ಆಗುತ್ತಂತೆ. ವಾಸಿ ಆಗಲ್ಲ. ತಿಳೀತಾ?"

ಭಾವ ಅವಳನ್ನೇ ನೋಡುತ್ತಿದ್ದರು. ಗಂಟಲು ಸರಿಮಾಡಿಕೊಳ್ಳುವುದನ್ನು ಮರೆತಿದ್ದರು. ಅವರ ತುಟಿ ಕೂಡಿಕೊಂಡಿತು, ಗಲ್ಲ ಅಲುಗಿತು, ಸದ್ದು ಬರಲಿಲ್ಲ.

ಅಕ್ಕ ಅವರ ಕೈಯನ್ನು ತನ್ನ ಕೈಗೆ ತೆಗೆದುಕೊಂಡು, ಜೋರು ಮಾಡದೆ, ಮೊದಲಿನಿಂದ ಮತ್ತೆ ಹೇಳತೊಡಗಿದಳು.

"ಒಂದು ಮನೆ ಇದೆ ಅಂತಿಟ್ಕೊಳ್ಳಿ..."